ಕೀಲಿಮಣೆ ಕಥೆ, ಭಾಗ 4: ಕಣ್ಣಿಗೆ ಕಾಣದ ಅಕ್ಷರ

ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋದಾಗ ಫ್ಯಾಕ್ಟರಿ ಗೇಟಿನ ಮೇಲೆ ಅಂಟಿಸಿರೋ ಕಾಗದಗಳನ್ನ ಗಮನಿಸಿ. 'ಹೆಲ್ಪರ್‌ಗಳು ಬೇಕಾಗಿದ್ದಾರೆ' ಅಂತ ಇರಬೇಕಾದ ಕಡೆ 'ಹೆಲ್ಪರ್ಗಳು ಬೇಕಾಗಿದ್ದಾರೆ' ಅಂತ ಇರೋದು ಸಿಗಬಹುದು. ಗಕಾರದ ಪಕ್ಕದಲ್ಲಿ ಒಂದು ಅರ್ಕಾವತ್ತು ಬಂದು ಕೂತಿರುತ್ತೆ. ಸ್ಕ್ರೀನ್‌ಶಾಟ್ ತೆಗೆದು 'ಕನ್ನಡ ಬರಲ್ವಾ' ಅಂತ ನಗೋಕೆ ಮುಂಚೆ ಸ್ವಲ್ಪ ತಡೀರಿ. ಟೈಪ್ ಮಾಡಿದವರಿಗೆ ಕನ್ನಡ ಚೆನ್ನಾಗೇ ಬರುತ್ತೆ. ಅವರಿಗೆ ಸಿಗದೇ ಹೋಗಿದ್ದು ಒಂದು ಅಕ್ಷರ. ಅದು ಕಣ್ಣಿಗೆ ಕಾಣಲ್ಲ, ಅದಕ್ಕೆ ಉಚ್ಚಾರಣೆ ಇಲ್ಲ, ಅಗಲ ಕೂಡ ಸೊನ್ನೆ.

ಇವತ್ತಿನ ಕಥೆ ಅದರದ್ದೇ.

ಮೊದಲು ನಮ್ಮೂರ ಹೆಸರನ್ನೇ ಬಿಡಿಸೋಣ. 'ಪಿಲ್ಲಗುಂಪೆ' ಅಂದ್ರೆ ಕಣ್ಣಿಗೆ ನಾಲ್ಕು ಅಕ್ಷರ: ಪಿ, ಲ್ಲ, ಗುಂ, ಪೆ. ಕಂಪ್ಯೂಟರಿನ ಒಳಗೆ ಮಾತ್ರ ಇದು 10 ಸಂಕೇತಗಳ ಸಾಲು: ಪ, ಇಕಾರದ ಗುಣಿತ, ಲ, ವಿರಾಮ, ಲ, ಗ, ಉಕಾರದ ಗುಣಿತ, ಸೊನ್ನೆ, ಪ, ಎಕಾರದ ಗುಣಿತ. ಎರಡು ಲಕಾರದ ನಡುವೆ ಇರೋ ಆ ವಿರಾಮವನ್ನ ನೋಡಿದ ಕೂಡಲೇ ಕಂಪ್ಯೂಟರ್ 'ಓ, ಇದು ಒತ್ತಕ್ಷರ' ಅಂತ ತೀರ್ಮಾನಿಸಿ ಎರಡನೇ ಲಕಾರವನ್ನ ಕೆಳಗೆ ಇಳಿಸುತ್ತೆ. ಅಂದ್ರೆ ಅದು ನೆನಪಿಟ್ಟುಕೊಳ್ಳೋದು ಧ್ವನಿಯ ಕ್ರಮವನ್ನ. ಆಕಾರ ಆಮೇಲೆ ಫಾಂಟ್ ಬಿಡಿಸುವ ಚಿತ್ರ.

ಹಿಂದೆ ಹೀಗಿರಲಿಲ್ಲ. ಕೆ. ಅನಂತ ಸುಬ್ಬರಾವ್ ರೂಪಿಸಿದ ಕನ್ನಡ ಟೈಪ್‌ರೈಟರ್ ಕಾಲದಲ್ಲಿ ಯಂತ್ರಕ್ಕೆ ಧ್ವನಿ ಗಿನಿ ಏನೂ ಗೊತ್ತಿರಲಿಲ್ಲ. ಒತ್ತಿದ ಕೀಲಿಯಲ್ಲಿ ಯಾವ ಆಕಾರ ಕೊರೆದಿದೆಯೋ ಅದನ್ನ ಕಾಗದದ ಮೇಲೆ ಒತ್ತೋದಷ್ಟೇ ಅದರ ಕೆಲಸ. 'ಸೂರ್ಯ' ಅಂತ ಹೊಡೆಯುವಾಗ ಟೈಪಿಸ್ಟ್ ಕೈ ಮೊದಲು ಯಕಾರಕ್ಕೆ ಹೋಗಬೇಕು, ಆಮೇಲೆ ಅರ್ಕಾವತ್ತಿಗೆ. ಬಾಯಲ್ಲಿ ರಕಾರ ಮೊದಲು, ಕಾಗದದ ಮೇಲೆ ಯಕಾರ ಮೊದಲು. 'ಹೆಲ್ಪರ್' ಆದ್ಮೇಲೆ 'ಗಳು' ಹೊಡೆದ್ರೆ ಎರಡೂ ಅಕ್ಕಪಕ್ಕ ಸುಮ್ನೆ ಕೂತಿರ್ತಿದ್ವು. ಅರ್ಕಾವತ್ತು ಬೇಕಾ ಬೇಡ್ವಾ ಅನ್ನೋ ನಿರ್ಧಾರ ಪೂರ್ತಿ ಟೈಪಿಸ್ಟ್‌ದೇ.

ನಮ್ಮ ಅಪ್ಪ ಅಮ್ಮಂದಿರು ಡಿಟಿಪಿ ಅಂಗಡೀಲಿ ನೋಡಿದ ನುಡಿ, ಬರಹ, ಶ್ರೀಲಿಪಿ ಕಾಲದ ಹಳೇ ಫಾಂಟ್‌ಗಳೂ ಒಂದರ್ಥದಲ್ಲಿ ಟೈಪ್‌ರೈಟರ್ ವಂಶದವೇ. ಒತ್ತುವ ಕ್ರಮ ಮಾತ್ರ ಬದಲಾಯ್ತು. ಕೆ. ಪಿ. ರಾವ್ ಅವರು ಧ್ವನಿಯ ಕ್ರಮದಲ್ಲಿ ಒತ್ತುವ ಕೀಲಿಮಣೆ ಮಾಡಿದ್ರು, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರೋದು ಅದೇ ದಾರಿ. ಆದ್ರೆ ಫೈಲಿನ ಒಳಗೆ ಉಳೀತಿದ್ದದ್ದು ಆಕಾರದ ತುಂಡುಗಳು, ಅದೂ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ. ಹಳೇ ನುಡಿ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಯಾವುದೋ ಯುರೋಪಿನ ಭಾಷೆ ಥರ ಕಾಣೋದು ಅದಕ್ಕೇ.

ಧ್ವನಿಯನ್ನೇ ಉಳಿಸೋಣ ಅನ್ನೋ ಯೋಚನೆ 1980ರ ದಶಕದ್ದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆ ಮಾಡಿಸಿತು, ಹೆಸರು ಇಸ್ಕಿ. 1991ರಲ್ಲಿ ಅದು ಐಎಸ್ 13194 ಅನ್ನೋ ರಾಷ್ಟ್ರೀಯ ಮಾನಕ ಆಯ್ತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯಿಂದ ಬಂದಿವೆ, ವರ್ಣಮಾಲೆ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಕಕಾರಕ್ಕೆ ಕನ್ನಡದಲ್ಲೂ ಹಿಂದಿಯಲ್ಲೂ ಒಂದೇ ಸಂಕೇತ ಸಾಕು ಅನ್ನೋದು ಅದರ ತಳಹದಿ. ನನಗನಿಸೋ ಹಾಗೆ ಭಾರತದ ಕಂಪ್ಯೂಟರ್ ಚರಿತ್ರೆಯಲ್ಲೇ ಇದು ಬಹಳ ಚಂದದ ಯೋಚನೆಗಳಲ್ಲಿ ಒಂದು.

ಆದ್ರೆ ಯಂತ್ರ ಧ್ವನಿ ಕಲಿತ ದಿನವೇ ಹೊಸ ತೊಂದರೆನೂ ಹುಟ್ಟಿತು. ವಿರಾಮ ಬಂದ ಕಡೆಯೆಲ್ಲ ಅದು ಒತ್ತಕ್ಷರ ಮಾಡುತ್ತೆ. 'ಇಲ್ಲಿ ಮಾಡಬೇಡಪ್ಪಾ' ಅಂತ ಅದಕ್ಕೆ ಹೇಳೋದು ಹೇಗೆ? ಇಸ್ಕಿಯಲ್ಲಿ ವಿರಾಮವನ್ನ ಎರಡು ಸಲ ಒತ್ತಿದ್ರೆ 'ಕೂಡಿಸಬೇಡ' ಅಂತ ಅರ್ಥ. ಸರಳವಾಗಿತ್ತು. 1991ರಲ್ಲೇ ಹೊರಬಂದ ಯೂನಿಕೋಡ್ ಇಸ್ಕಿಯ ಅಕ್ಷರ ಜೋಡಣೆಯನ್ನ ಬಹುಮಟ್ಟಿಗೆ ತೆಗೆದುಕೊಂಡಿತು, ಆದ್ರೆ ಈ ಜೋಡಿ ವಿರಾಮವನ್ನ ತೆಗೆದುಕೊಳ್ಳಲಿಲ್ಲ. ಅದರ ಬದಲು ಎರಡು ಕಾಣದ ಅಕ್ಷರಗಳನ್ನ ಕೊಟ್ಟಿತು. ಒಂದು 'ಜೀರೋ ವಿಡ್ತ್ ನಾನ್ ಜಾಯ್ನರ್', ಅಂದ್ರೆ ಬಿಡಿಸೋದು. ಇನ್ನೊಂದು 'ಜೀರೋ ವಿಡ್ತ್ ಜಾಯ್ನರ್', ಕೂಡಿಸೋದು. ಇವು ನಮಗೆ ಮಾತ್ರ ಅಲ್ಲ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಬರುವ ಪಾರ್ಸಿ ಬರವಣಿಗೆಯಲ್ಲಿ ಒಂದೇ ಪದದ ಎರಡು ಭಾಗಗಳನ್ನ ಬೇರೆಬೇರೆ ತೋರಿಸೋಕೂ ಇದೇ ಬಿಡಿಸುವ ಅಕ್ಷರ ಬೇಕು.

ಕನ್ನಡಕ್ಕೆ ಇದು ಇಷ್ಟೊಂದು ಯಾಕೆ ಬೇಕಾಯ್ತು? ಇದೇ ನನಗೆ ತುಂಬ ಇಷ್ಟವಾದ ಭಾಗ.

ಹಳಗನ್ನಡದಲ್ಲಿ ಪದಗಳು ವ್ಯಂಜನದಲ್ಲೇ ಮುಗೀತಿದ್ವು: ಪಾಲ್, ಕಣ್, ಬಿಲ್. ಬರ್ತಾ ಬರ್ತಾ ಕೊನೆಗೊಂದು ಉಕಾರ ಸೇರಿ ಹಾಲು, ಕಣ್ಣು, ಬಿಲ್ಲು ಆದವು. ಹೊರಗಿಂದ ಬಂದ ಪದಗಳಿಗೂ ನಮ್ಮ ಜನ ಅದೇ ಉಪಚಾರ ಮಾಡಿದ್ರು. ಬಸ್ ಬಂತು, ಬಸ್ಸು ಮಾಡಿದ್ರು. ಕಾರ್ ಕಾರಾಯ್ತು, ಲೈಟ್ ಲೈಟಾಯ್ತು. ನಿಮ್ಮ ಅಜ್ಜಿ ಹೇಳೋ 'ಬಸ್ಸುಗಳು', 'ಕಾರುಗಳು', 'ಲೈಟುಗಳು' ಟೈಪ್ ಮಾಡಿ ನೋಡಿ, ಯಾವ ಕಾಣದ ಅಕ್ಷರವೂ ಬೇಕಾಗಲ್ಲ. ನಾವು ಈಗ 'ಬಸ್‌ಗಳು', 'ಫೋನ್‌ನಲ್ಲಿ', 'ಕ್ಲಾಸ್‌ಮೇಟ್' ಅಂತ ಇಂಗ್ಲಿಷ್ ಪದದ ಕೊನೆಯನ್ನ ಹಾಗೇ ಬಿಟ್ಟು, ಅದಕ್ಕೆ ಕನ್ನಡದ ಬಾಲ ಕಟ್ಟುತ್ತೀವಿ. ಆ ಗಂಟು ಬೀಳೋ ಜಾಗದಲ್ಲಿ ಪ್ರತಿ ಸಲವೂ ಕಾಣದ ಅಕ್ಷರ ಒಂದು ಕೂತಿರಬೇಕು. ಇದು ಸರಿ, ಅದು ತಪ್ಪು ಅಂತಲ್ಲ. 'ಹೆಲ್ಪರುಗಳು' ಅಂತ ಬರೆದಿದ್ರೆ ಆ ಗೇಟಿನ ಕಾಗದದಲ್ಲಿ ಸಮಸ್ಯೆನೇ ಇರ್ತಿರಲಿಲ್ಲ ಅಂತ ಹೇಳ್ದೆ ಅಷ್ಟೇ.

ಕೂಡಿಸುವ ಅಕ್ಷರದ ಕಥೆ ಇನ್ನೂ ಗೋಜಲು. ರಕಾರ, ವಿರಾಮ, ಯಕಾರ ಒತ್ತಿದ್ರೆ ಕಂಪ್ಯೂಟರ್ ಅರ್ಕಾವತ್ತು ಕೊಡುತ್ತೆ, ಸೂರ್ಯ ಪದದಲ್ಲಿ ಇರೋ ಹಾಗೆ. ಆದ್ರೆ 'ರ‍್ಯಾಂಕ್', 'ರ‍್ಯಾಲಿ' ಬರೆಯುವಾಗ ರಕಾರ ಪೂರ್ತಿ ಇದ್ದು, ಯಕಾರ ಕೆಳಗೆ ಒತ್ತಾಗಿ ಬರಬೇಕು. ಪದದ ಮೊದಲ ಧ್ವನಿಯೇ ರಕಾರ, ಅದನ್ನ ತಗೊಂಡು ಹೋಗಿ ಪಕ್ಕದಲ್ಲಿ ಅರ್ಕಾವತ್ತು ಮಾಡಿ 'ರ್ಯಾಂಕ್' ಅಂದ್ರೆ ಕಣ್ಣು ಒಪ್ಪಲ್ಲ. ಇದಕ್ಕೆ ಯೂನಿಕೋಡ್ ಹೇಳುವ ಕ್ರಮ: ರಕಾರ, ಕೂಡಿಸುವ ಅಕ್ಷರ, ವಿರಾಮ, ಯಕಾರ. ಮರಾಠಿಯಲ್ಲಿ ರಕಾರದ ವಿಶೇಷ ರೂಪಕ್ಕೆ ಬಳಸೋ ಕ್ರಮ ಬೇರೆ, ಅಲ್ಲಿ ವಿರಾಮ ಮೊದಲು, ಕೂಡಿಸುವ ಅಕ್ಷರ ಆಮೇಲೆ. ಹಳೇ ಕನ್ನಡ ಪುಟಗಳಲ್ಲೂ ಆ ಉಲ್ಟಾ ಕ್ರಮ ಬೇಕಾದಷ್ಟಿದೆ. ಈಗಿನ ಕ್ರಮ ಸ್ಪಷ್ಟವಾಗಿದ್ದು 2000ದ ದಶಕದ ಮಧ್ಯದಲ್ಲಿ, ಅಷ್ಟರಲ್ಲಿ 2001ರ ವಿಂಡೋಸ್ ಎಕ್ಸ್‌ಪಿ ತನ್ನ 'ತುಂಗಾ' ಫಾಂಟ್ ಜೊತೆ ಬಂದು ಜನ ಯೂನಿಕೋಡಲ್ಲಿ ಬರೆಯೋಕೆ ಶುರು ಮಾಡಿಯಾಗಿತ್ತು. ಹಾಗಾಗಿ ಒಂದೇ ಪದ ಎರಡು ಥರ ಉಳಿದಿದೆ. ಒಂದನ್ನ ಹುಡುಕಿದ್ರೆ ಇನ್ನೊಂದು ಸಿಗದೇ ಹೋಗಬಹುದು.

ಈಗ ಇದನ್ನ ಟೈಪ್ ಮಾಡೋದು ಹೇಗೆ? ಬರಹದಲ್ಲಿ ಇಂಗ್ಲಿಷಿನ ಟೋಪಿ ಚಿಹ್ನೆ (6ರ ಮೇಲಿರೋದು) ಒಂದು ಸಲ ಒತ್ತಿದ್ರೆ ಬಿಡಿಸೋದು, ಎರಡು ಸಲ ಒತ್ತಿದ್ರೆ ಕೂಡಿಸೋದು. ಬೇರೆ ಕಡೆ ಸಂಕೇತದ ಸಂಖ್ಯೆ ನೆನಪಿಟ್ಕೊಳ್ಳಿ: ಬಿಡಿಸೋಕೆ 200ಸಿ, ಕೂಡಿಸೋಕೆ 200ಡಿ (ಸಿ, ಡಿ ಇಂಗ್ಲಿಷ್ ಅಕ್ಷರ). ವಿಂಡೋಸ್‌ನ ವರ್ಡ್‌ನಲ್ಲಿ ಆ ನಾಲ್ಕು ಅಕ್ಷರ ಟೈಪ್ ಮಾಡಿ ಆಲ್ಟ್ ಹಿಡಿದು ಎಕ್ಸ್ ಒತ್ತಿ, ಸಂಖ್ಯೆ ಮಾಯ ಆಗಿ ಕಾಣದ ಅಕ್ಷರ ಕೂರುತ್ತೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಸಂಖ್ಯೆ ಕೊಟ್ಟು ಎಂಟರ್. ಮ್ಯಾಕ್‌ನಲ್ಲಿ 'ಯೂನಿಕೋಡ್ ಹೆಕ್ಸ್ ಇನ್‌ಪುಟ್' ಅನ್ನೋ ಕೀಲಿಮಣೆ ಸೇರಿಸಿಕೊಂಡು, ಆಪ್ಷನ್ ಕೀ ಹಿಡಿದುಕೊಂಡೇ ಸಂಖ್ಯೆ ಒತ್ತಬೇಕು. ಫೋನ್‌ನಲ್ಲಾದ್ರೆ ಎಷ್ಟೋ ಸಲ ಸಜೆಷನ್ ಪಟ್ಟಿಯೇ ನಮ್ಮ ಪರವಾಗಿ ಹಾಕಿರುತ್ತೆ, ನಮಗೆ ಗೊತ್ತೂ ಆಗಲ್ಲ.

ಅಂದಹಾಗೆ, ನೀವು ದಿನಾ ಇದನ್ನ ಬಳಸ್ತಾನೇ ಇದ್ದೀರ. ರೈತ ಮಹಿಳೆಯ ಎಮೋಜಿ ಇದೆಯಲ್ಲ, ಅದು ಒಂದು ಚಿತ್ರ ಅಲ್ಲ. ಮಹಿಳೆಯ ಎಮೋಜಿ, ಭತ್ತದ ತೆನೆಯ ಎಮೋಜಿ, ನಡುವೆ ನಮ್ಮ ರ‍್ಯಾಂಕಿನ ಕೂಡಿಸುವ ಅಕ್ಷರವೇ.

ಗೊತ್ತಾಗದೇ ಬಂದು ಕೂರೋದೇ ನಿಜವಾದ ತಲೆನೋವು. 'ಸಂತೋಷ್' ಅಂತ ಒಂದು ಹೆಸರು. ಕೊನೆಯ ವಿರಾಮದ ಮುಂದೆ ಬಿಡಿಸುವ ಅಕ್ಷರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಕೆಲವು ಟೈಪಿಂಗ್ ಸಾಧನಗಳು ಅದನ್ನ ತಾವೇ ಸೇರಿಸಿಬಿಡುತ್ತವೆ. ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುವ ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಹೆಸರು. ಮುದ್ರಿಸಿ ತೋರಿಸಿದ್ರೆ ಕೌಂಟರಿನಲ್ಲಿ ಕೂತವರಿಗೂ ಕಾಣಲ್ಲ, ನಿಮಗೂ ಕಾಣಲ್ಲ, 'ಹೆಸರು ಹೊಂದಿಕೆಯಾಗುತ್ತಿಲ್ಲ' ಅನ್ನೋ ಸಾಲು ಮಾತ್ರ ಕಾಣುತ್ತೆ. ವೆಬ್ ವಿಳಾಸ ಮಾಡುವವರಿಗೂ ಇದೇ ಭಯ ಇತ್ತು. ಅದಕ್ಕೇ ಇಂಗ್ಲಿಷೇತರ ವಿಳಾಸಗಳ 2003ರ ನಿಯಮ ಈ ಎರಡೂ ಅಕ್ಷರಗಳನ್ನ ಸದ್ದಿಲ್ಲದೆ ಅಳಿಸಿ ಹಾಕ್ತಿತ್ತು. 2010ರಲ್ಲಿ ಬಂದ ನಿಯಮ ವಿರಾಮದ ನಂತರ ಇದ್ದರೆ ಇರಲಿ ಅಂತ ಒಪ್ಪಿಕೊಂಡಿತು.

ನಿಮ್ಮ ಹೆಸರಲ್ಲೂ ಇದೆಯಾ ಅಂತ ನೋಡಬೇಕಾ? ವರ್ಡ್‌ಗೆ ಪೇಸ್ಟ್ ಮಾಡಿ, ಕರ್ಸರನ್ನ ಹೆಸರಿನ ತುದಿಯಲ್ಲಿಟ್ಟು ಆಲ್ಟ್ ಹಿಡಿದು ಎಕ್ಸ್ ಒತ್ತಿ. 200ಸಿ ಅಂತ ಬಂದ್ರೆ ಇದೆ. ಅರ್ಜಿಯಲ್ಲಿ ಕನ್ನಡದಲ್ಲಿ ಹೆಸರು ತುಂಬೋ ಮುಂಚೆ ಇದನ್ನ ಒಂದ್ಸಲ ಮಾಡಿ, ಬಂದಿದ್ದನ್ನ ಕಾಮೆಂಟಲ್ಲಿ ಹೇಳಿ.

ಮುಂದಿನ ಭಾಗ ೞ ಬಗ್ಗೆ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ತಪ್ಪಾಗಿ 'ಫ' ಅಂತ ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನ ಬದಲಿಸುವ ಹಾಗಿಲ್ಲ ಅನ್ನೋದು ಅಲ್ಲಿನ ನಿಯಮ.