ವೈದ್ಯರು ಕೊಡುವ ಕ್ಯಾನ್ಸರ್ ಔಷಧಗಳೂ ಅಮೆರಿಕದ ಸಾರ್ವಜನಿಕ ವಿಮೆಯೂ

ಶಾಸನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನ್ನು ತಂದ ಪಕ್ಷಗಳನ್ನೂ ನಾಯಕರನ್ನೂ ಕುರಿತು ವಿಸ್ತಾರವಾಗಿ ಹೇಳುತ್ತಾರೆ. ಶಾಸನದ ಒಳಗೆ ಅಡಗಿರುವ ಸಣ್ಣ ಮಾತುಗಳನ್ನು ಗಮನಿಸುವುದು ಕಡಮೆ. ಆದರೆ ಜನರ ಬಾಳನ್ನು ಮುಟ್ಟುವುದು ಅನೇಕ ವೇಳೆ ಇಂಥ ಮಾತುಗಳೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವೃದ್ಧರಿಗಾಗಿ ಏರ್ಪಟ್ಟ ಮೆಡಿಕೇರ್ ಎಂಬ ಸಾರ್ವಜನಿಕ ವಿಮೆಯು ಕ್ಯಾನ್ಸರ್ ಔಷಧಗಳ ವಿಷಯದಲ್ಲಿ ನಡೆದುಬಂದ ಬಗೆ ಇದಕ್ಕೆ ನಿದರ್ಶನವಾಗಿದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸೌರಿ ಸಂಸ್ಥಾನದ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ, ಮಾಜಿ ಅಧ್ಯಕ್ಷ ಟ್ರೂಮನ್ನರ ಸಮ್ಮುಖದಲ್ಲಿ, ಈ ಶಾಸನಕ್ಕೆ ರುಜು ಹಾಕಿದರು. ಆಸ್ಪತ್ರೆಯ ವೆಚ್ಚಕ್ಕೆ ಎ ಭಾಗವೆಂದೂ ವೈದ್ಯರ ಸೇವೆಗೆ ಬಿ ಭಾಗವೆಂದೂ ಅದರಲ್ಲಿ ಎರಡು ಅಂಗಗಳಿದ್ದುವು. ಎರಡನೆಯದು ಐಚ್ಛಿಕ, ಆರಂಭದಲ್ಲಿ ಅದರ ಕಂತು ತಿಂಗಳಿಗೆ 3 ಡಾಲರು. ವರ್ಷದ ಮೊದಲ 50 ಡಾಲರುಗಳನ್ನು ರೋಗಿಯೇ ತೆತ್ತ ಮೇಲೆ, ಮಾನ್ಯವಾದ ಶುಲ್ಕದಲ್ಲಿ ನೂರಕ್ಕೆ 80 ಪಾಲನ್ನು ವಿಮೆಯೂ 20 ಪಾಲನ್ನು ರೋಗಿಯೂ ಕೊಡಬೇಕೆಂದು ಗೊತ್ತಾಯಿತು. ರೋಗಿಯು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಸೇವಿಸುವ ಔಷಧಗಳಿಗೆ ಈ ವಿಮೆಯಲ್ಲಿ ಎಡೆಯಿರಲಿಲ್ಲ. ರೋಗಿಯು ತಾನಾಗಿ ತೆಗೆದುಕೊಳ್ಳಲಾಗದ, ವೈದ್ಯನ ಸೇವೆಗೆ ಆನುಷಂಗಿಕವಾಗಿ ಒದಗಿಸಿದ ಔಷಧಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ವೈದ್ಯನು ಸೂಜಿ ಚುಚ್ಚಿದರೆ ವಿಮೆಯುಂಟು, ರೋಗಿಯು ಗುಳಿಗೆ ನುಂಗಿದರೆ ವಿಮೆಯಿಲ್ಲ ಎಂಬ ಭೇದವು ಹೀಗೆ ಹುಟ್ಟಿತು.

ಈ ಭೇದವನ್ನು ಕಲ್ಪಿಸಿದವರ ಮನಸ್ಸಿನಲ್ಲಿ ಕ್ಯಾನ್ಸರ್ ಪ್ರಧಾನವಾಗಿದ್ದಂತೆ ತೋರುವುದಿಲ್ಲ. 1942ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನೈಟ್ರೊಜನ್ ಮಸ್ಟರ್ಡಿನ ಪ್ರಯೋಗ ನಡೆದಿತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಮಕ್ಕಳ ರಕ್ತಕ್ಯಾನ್ಸರು ಕೆಲಕಾಲ ಇಳಿಮುಖವಾಗುವುದನ್ನು ಪ್ರಕಟಿಸಿದ್ದರು. ಆದರೂ ರಾಸಾಯನಿಕ ಚಿಕಿತ್ಸೆಯು 1965ರಲ್ಲಿ ಇನ್ನೂ ಎಳೆಯ ಶಾಸ್ತ್ರ. 1971ರ ರಾಷ್ಟ್ರೀಯ ಕ್ಯಾನ್ಸರ್ ಶಾಸನದ ತರುವಾಯ ಸಂಶೋಧನೆ ಬೆಳೆಯಿತು, ಔಷಧಗಳು ಹೆಚ್ಚಿದುವು. ಆಸ್ಪತ್ರೆಗಳಿಗೆ ರೋಗದ ವರ್ಗವನ್ನನುಸರಿಸಿ ನಿಗದಿಯಾದ ಮೊತ್ತವನ್ನು ಕೊಡುವ ಪದ್ಧತಿ 1983ರಲ್ಲಿ ಬಂದಿತು. ವಾಂತಿಯನ್ನು ತಡೆಯುವ ಉತ್ತಮ ಔಷಧಗಳು 1990ರ ದಶಕದ ಆದಿಯಲ್ಲಿ ದೊರೆತುವು. ಹೀಗಾಗಿ ಚಿಕಿತ್ಸೆಯು ಆಸ್ಪತ್ರೆಯ ಹಾಸಿಗೆಯಿಂದ ವೈದ್ಯರ ಚಿಕಿತ್ಸಾಲಯದ ಕುರ್ಚಿಗೆ ಸಾಗಿತು. ಆನುಷಂಗಿಕವೆಂದು ಎಣಿಸಿದ್ದ ಔಷಧವೇ ವೆಚ್ಚದಲ್ಲಿ ಪ್ರಧಾನವಾಯಿತು.

ಈ ಏರ್ಪಾಡಿನಲ್ಲಿ ವೈದ್ಯನು ಔಷಧವನ್ನು ಮೊದಲು ತನ್ನ ಹಣದಿಂದ ಕೊಂಡು, ರೋಗಿಗೆ ಕೊಟ್ಟ ಬಳಿಕ ವಿಮೆಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಆ ಲೆಕ್ಕಕ್ಕೆ ಆಧಾರವಾದುದು, ತಯಾರಕರು ತಿಳಿಸಿ ಬೆಲೆಪಟ್ಟಿಗಳಲ್ಲಿ ಅಚ್ಚಾಗುತ್ತಿದ್ದ ‘ಸರಾಸರಿ ಸಗಟು ಬೆಲೆ’. ಹೆಸರು ಹಾಗಿದ್ದರೂ ಅದು ಯಾವ ವ್ಯಾಪಾರದ ಸರಾಸರಿಯೂ ಆಗಿರಲಿಲ್ಲ. 1997ರ ಶಾಸನವು ಈ ಬೆಲೆಯ ನೂರಕ್ಕೆ 95 ಪಾಲನ್ನು ಕೊಡಬೇಕೆಂದು ವಿಧಿಸಿತು. ಒಕ್ಕೂಟ ಶಾಸನಸಭೆಯ ಲೆಕ್ಕಪರಿಶೋಧನ ಕಛೇರಿಯು 2001ರಲ್ಲಿ ವಿಚಾರಣೆ ನಡೆಸಿದಾಗ, ವೈದ್ಯರು ಲೆಕ್ಕ ಒಪ್ಪಿಸುವ ಮುಖ್ಯ ಔಷಧಗಳಲ್ಲಿ ಬಹುಪಾಲು ಪಟ್ಟಿಯ ಬೆಲೆಗಿಂತ ನೂರಕ್ಕೆ 13ರಿಂದ 34ರಷ್ಟು ಕಡಮೆಗೆ ದೊರೆಯುತ್ತಿದ್ದುವೆಂದು ಕಂಡುಬಂದಿತು. ಕರುಳಿನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುವ ಲ್ಯೂಕೊವೊರಿನ್ ಎಂಬುದರಲ್ಲಿ ಈ ಸೋಡಿ 86ರಷ್ಟಿತ್ತು.

ಇದರ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು. ಪಟ್ಟಿಯಲ್ಲಿ 100 ಡಾಲರೆಂದಿರುವ ಲ್ಯೂಕೊವೊರಿನ್ ವೈದ್ಯನಿಗೆ 14 ಡಾಲರಿಗೆ ಸಿಕ್ಕುತ್ತಿತ್ತು. ವಿಮೆಯು ಮಾನ್ಯ ಮಾಡುತ್ತಿದ್ದ ಮೊತ್ತ 95 ಡಾಲರು. ಅದರಲ್ಲಿ ರೋಗಿಯ ಐದನೆಯ ಒಂದು ಪಾಲು 19 ಡಾಲರು. ಎಂದರೆ ರೋಗಿಯು ತೆರುತ್ತಿದ್ದ ಪಾಲೇ ಔಷಧದ ನಿಜವಾದ ಕ್ರಯವನ್ನು ಮೀರುತ್ತಿತ್ತು! ವಿಮೆಯು ಹೊರೆಯನ್ನು ಇಳಿಸಬೇಕಾಗಿದ್ದ ಕಡೆಯಲ್ಲಿ ಅದನ್ನು ಏರಿಸಿತ್ತು. ಅದೇ ವರ್ಷ, ಜನನಾಂಗದ ಬಳಿಯ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಲುಪ್ರಾನ್ ಎಂಬ ಚುಚ್ಚುಮದ್ದಿನ ಮಾರಾಟಕ್ಕೆ ಸಂಬಂಧಿಸಿದ ಆರೋಪಗಳನ್ನು ಇತ್ಯರ್ಥಪಡಿಸಿಕೊಳ್ಳಲು ಟ್ಯಾಪ್ ಕಂಪನಿಯು 87.5 ಕೋಟಿ ಡಾಲರುಗಳನ್ನು ತೆತ್ತಿತು.

ಆದರೆ ವೈದ್ಯರ ಪಕ್ಷವನ್ನೂ ಕೇಳಬೇಕು. ಔಷಧವನ್ನು ಹದಮಾಡುವ, ಗಂಟೆಗಟ್ಟಲೆ ನರದೊಳಕ್ಕೆ ಹಾಯಿಸುವ, ರೋಗಿಯ ಬಳಿ ದಾದಿಯರನ್ನು ನಿಲ್ಲಿಸುವ ಕೆಲಸಕ್ಕೆ ವಿಮೆ ಕೊಡುತ್ತಿದ್ದುದು ಅತ್ಯಲ್ಪವೆಂದೂ, ಔಷಧದ ಮೇಲಿನ ಲಾಭದಿಂದಲೇ ಆ ವೆಚ್ಚವನ್ನು ಸರಿದೂಗಿಸಬೇಕಾಗಿದೆಯೆಂದೂ ಅವರು ವಾದಿಸಿದರು. ಈ ವಾದದಲ್ಲಿ ಸತ್ಯಾಂಶವಿತ್ತು. 2003ರ ಶಾಸನವು ಔಷಧ ಕೊಡುವ ಕೆಲಸದ ಶುಲ್ಕವನ್ನು ಹೆಚ್ಚಿಸಿತು. 2005ರಿಂದ ಪಟ್ಟಿಯ ಬೆಲೆಯನ್ನು ಬಿಟ್ಟು, ಸೋಡಿಗಳನ್ನು ಕಳೆದ ನಿಜವಾದ ‘ಸರಾಸರಿ ಮಾರಾಟ ಬೆಲೆ’ಗೆ ನೂರಕ್ಕೆ 6ನ್ನು ಸೇರಿಸಿ ಕೊಡುವ ಕ್ರಮವನ್ನು ತಂದಿತು. ಇದರಿಂದ ಅತಿಲಾಭ ಕುಗ್ಗಿತು. ಆದರೆ ಮೂಲದ ತೊಡಕು ಬಿಡಲಿಲ್ಲ. 100 ಡಾಲರಿನ ಔಷಧಕ್ಕೆ 6 ಡಾಲರು ಸೇರಿದರೆ 10,000 ಡಾಲರಿನದಕ್ಕೆ 600 ಸೇರುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಈ ಬದಲಾವಣೆಯ ಬಳಿಕ ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಲಾಭ ಕುಸಿದಿದ್ದ ಕಾರ್ಬೊಪ್ಲಾಟಿನ್ನಿನ ಬಳಕೆ ಇಳಿದು, ಬೆಲೆಯುಳ್ಳ ಡೊಸಿಟ್ಯಾಕ್ಸೆಲ್ಲಿನ ಬಳಕೆ ಏರಿತು.

ಇನ್ನು ಗುಳಿಗೆಯ ಕಥೆ. ಹೊರರೋಗಿಗಳ ಔಷಧವೆಚ್ಚವನ್ನು ವಿಮೆಗೆ ಸೇರಿಸಲು 1988ರಲ್ಲಿ ಆದ ಶಾಸನವನ್ನು ಮರುವರ್ಷವೇ ರದ್ದುಮಾಡಲಾಯಿತು. 1993ರ ಶಾಸನವು ಒಂದು ಕಿರುಬಾಗಿಲನ್ನು ತೆರೆಯಿತು: ಚುಚ್ಚುಮದ್ದಾಗಿಯೂ ದೊರೆಯುವ ಕ್ಯಾನ್ಸರ್ ಔಷಧವು ಗುಳಿಗೆಯ ರೂಪದಲ್ಲಿದ್ದರೂ ವಿಮೆಯುಂಟು. ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್ ಮೊದಲಾದವು ಹೀಗೆ ಒಳಬಂದುವು. ಆದರೆ 2001ರ ಮೇ ತಿಂಗಳಲ್ಲಿ ಮನ್ನಣೆ ಪಡೆದ, ಒಂದು ಬಗೆಯ ದೀರ್ಘಕಾಲಿಕ ರಕ್ತಕ್ಯಾನ್ಸರಿನ ಗತಿಯನ್ನೇ ಬದಲಿಸಿದ ಗ್ಲೀವೆಕ್ ಹೊರಗುಳಿಯಿತು. ಅದಕ್ಕೆ ಚುಚ್ಚುಮದ್ದಿನ ರೂಪವಿರಲಿಲ್ಲ. ಪ್ರಾಣವನ್ನುಳಿಸುವ ಔಷಧವು, ನುಂಗಲು ಸುಲಭವಾದುದೇ ಅಪರಾಧವೆಂಬಂತೆ, ವಿಮೆಗೆ ಹೊರತಾಯಿತು. 2006ರಲ್ಲಿ ಡಿ ಭಾಗವು ಆರಂಭವಾಗುವವರೆಗೆ ಈ ಕೊರತೆಗೆ ಶಾಶ್ವತ ಪರಿಹಾರ ದೊರೆಯಲಿಲ್ಲ.

ಆಮೇಲಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 2016ರಲ್ಲಿ ನೂರಕ್ಕೆ 6ರ ಬದಲು 2.5ನ್ನೂ ಜೊತೆಗೆ ಒಂದು ನಿಯತ ಶುಲ್ಕವನ್ನೂ ಕೊಟ್ಟು ನೋಡುವ ಸಲಹೆ ಬಂದು, ವಿರೋಧದಿಂದಾಗಿ ಅದೇ ವರ್ಷ ಹಿಂದೆಗೆಯಲ್ಪಟ್ಟಿತು. 2022ರ ಶಾಸನವು ಕೆಲವು ಔಷಧಗಳ ಬೆಲೆಯನ್ನು ಸರ್ಕಾರವೇ ಚೌಕಾಸಿ ಮಾಡಿ ನಿರ್ಣಯಿಸುವ ಅಧಿಕಾರವನ್ನಿತ್ತಿತು. ವೈದ್ಯರು ಕೊಡುವ ಔಷಧಗಳಿಗೆ ಇದು 2028ರಿಂದ ಅನ್ವಯಿಸಬೇಕೆಂದು ವಿಧಿಸಿತು. ಅದೇ ಶಾಸನದಿಂದ ಡಿ ಭಾಗದಲ್ಲಿ ರೋಗಿಯ ವಾರ್ಷಿಕ ವೆಚ್ಚಕ್ಕೆ 2025ರಲ್ಲಿ 2,000 ಡಾಲರುಗಳ ಮಿತಿ ಬಿದ್ದಿತು. ಬಿ ಭಾಗದ ಐದನೆಯ ಒಂದು ಪಾಲಿಗೆ ಮೂಲ ಮೆಡಿಕೇರಿನಲ್ಲಿ ಅಂಥ ಮಿತಿಯನ್ನು ವಿಧಿಸಲಿಲ್ಲ. ಹಿಂದೆ ಗುಳಿಗೆಯವನು ನಿರಾಶ್ರಿತನಾಗಿದ್ದನು. ಈಗ ಪೂರಕ ವಿಮೆಯಿಲ್ಲದ ಚುಚ್ಚುಮದ್ದಿನವನು ಹೆಚ್ಚು ಕಷ್ಟಕ್ಕೆ ಒಳಗಾಗುವ ಸಂಭವವುಂಟಾಗಿದೆ.

ಈ ಚರಿತ್ರೆಯಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಔಷಧವು ದೇಹವನ್ನು ಸೇರುವ ದಾರಿಯನ್ನು ನೋಡಿ ಹಣದ ನಿರ್ಣಯ ಮಾಡಿದ ಶಾಸನವು, ವೈದ್ಯಶಾಸ್ತ್ರವು ಆ ದಾರಿಯನ್ನು ಬದಲಿಸಿದಾಗಲೆಲ್ಲ ಹಿಂದೆ ಬಿದ್ದಿತು. ಚಿಕಿತ್ಸೆ ಮಾಡುವವನ ವರಮಾನವನ್ನು ಔಷಧದ ಬೆಲೆಗೆ ಕಟ್ಟಿಹಾಕಿದ್ದು, ಪ್ರಾಮಾಣಿಕನಾದ ವೈದ್ಯನನ್ನೂ ಸಂದೇಹಕ್ಕೆ ಗುರಿಮಾಡಿತು. ಸಾರ್ವಜನಿಕ ವಿಮೆಯನ್ನು ಕಟ್ಟಹೊರಟ ಯಾವ ದೇಶಕ್ಕಾದರೂ ಈ ಎರಡು ಸಂಗತಿಗಳು ವಿಚಾರಾರ್ಹವಾಗಿವೆ.