ಬಾಂಬಿಗೂ ಅಳಿಯದ ಅಂಗಳ: ಓಲ್ಡ್ ಟ್ರಾಫರ್ಡ್

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಹೆಸರನ್ನು ನೀವು ಕೇಳಿರುತ್ತೀರಿ. ಅದರ ತವರು ಮೈದಾನದ ಚರಿತ್ರೆಯೂ ತಿಳಿಯಬೇಕಾದದ್ದೇ.

ಆರ್ಚಿಬಾಲ್ಡ್ ಲೀಚ್ ವಿನ್ಯಾಸಗೊಳಿಸಿದ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಪಂದ್ಯ ನಡೆದದ್ದು 1910ರ ಫೆಬ್ರವರಿ 19ರಂದು. ಅಂದು ಲಿವರ್‌ಪೂಲ್ 4-3ರಿಂದ ಆತಿಥೇಯರನ್ನೇ ಸೋಲಿಸಿತು! 1939ರಲ್ಲಿ 76,962 ಮಂದಿ ಸೇರಿದ್ದು ಇಲ್ಲಿನ ದಾಖಲೆ. ಸ್ವಾರಸ್ಯವೆಂದರೆ, ಅಂದು ಆಡಿದ್ದು ಯುನೈಟೆಡ್ ಅಲ್ಲ. ವುಲ್ವ್ಸ್ ಮತ್ತು ಗ್ರಿಮ್ಸ್‌ಬಿ ತಂಡಗಳು.

ಎರಡನೇ ಮಹಾಯುದ್ಧದಲ್ಲಿ, 1941ರ ಮಾರ್ಚ್ 11ರಂದು, ಜರ್ಮನ್ ಬಾಂಬುಗಳು ಮುಖ್ಯ ಗ್ಯಾಲರಿಯನ್ನು ನಾಶ ಮಾಡಿದವು. ಸ್ವಂತ ಅಂಗಳವಿಲ್ಲದ ತಂಡ, ಪ್ರತಿಸ್ಪರ್ಧಿ ಮ್ಯಾಂಚೆಸ್ಟರ್ ಸಿಟಿಯ ಮೇನ್ ರೋಡ್ ಮೈದಾನವನ್ನು ಬಾಡಿಗೆಗೆ ಪಡೆದು ಆಡಿತು. 1949ರಲ್ಲಿ ಮರಳಿ ಬಂದಾಗ ಮುಖ್ಯ ಗ್ಯಾಲರಿಗೆ ಇನ್ನೂ ಚಾವಣಿಯಿರಲಿಲ್ಲ.

1958ರ ಫೆಬ್ರವರಿ 6ರ ಮ್ಯೂನಿಕ್ ವಿಮಾನ ದುರಂತದಲ್ಲಿ 8 ಆಟಗಾರರೂ ಸೇರಿ 23 ಮಂದಿ ಮೃತಪಟ್ಟರು. ಮೈದಾನದ ಹೊರಗೋಡೆಯ ಗಡಿಯಾರ ಆ ದಿನವನ್ನು ನೆನಪಿಸುತ್ತದೆ. 1910ರ ಕಟ್ಟಡದಲ್ಲಿ ಉಳಿದಿರುವುದು ಆಟಗಾರರ ಹಳೆಯ ಸುರಂಗದಾರಿಯೊಂದೇ. 2008ರಲ್ಲಿ ಅದಕ್ಕೆ ಮ್ಯೂನಿಕ್ ಹೆಸರಿಡಲಾಯಿತು.

ಸುಮಾರು 74,000 ಆಸನಗಳ ಈ ಮೈದಾನದ ಪಕ್ಕದಲ್ಲೇ 1 ಲಕ್ಷ ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಕ್ಲಬ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಬಾಂಬುಗಳಿಂದ ಪಾರಾದ ಸುರಂಗ ಈ ಪ್ರಗತಿಯಿಂದಲೂ ಪಾರಾದೀತೇ? ಹೊಸದನ್ನು ಕಟ್ಟೋಣ, ಆದರೆ ಹಿರಿಯರ ಹೆಜ್ಜೆಗುರುತನ್ನು ಅಳಿಸದೆ ಕಟ್ಟೋಣ. ಅಲ್ಲವೇ?