ಬೃಹನ್ಮುಂಬಯಿ ಮಹಾನಗರಪಾಲಿಕೆ: ಸಭೆಯ ನಡಾವಳಿ ಮತ್ತು ತೆರಿಗೆ ಹಣದ ಲೆಕ್ಕ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ನಿತ್ಯಜೀವನವನ್ನು ಅತ್ಯಂತ ಹತ್ತಿರದಿಂದ ಮುಟ್ಟುವ ಸರಕಾರ ದಿಲ್ಲಿಯದೂ ಅಲ್ಲ, ಮಂತ್ರಾಲಯದ್ದೂ ಅಲ್ಲ. ಬೋರಿಬಂದರಿನ ಎದುರಿಗಿರುವ ಮಹಾನಗರಪಾಲಿಕೆಯದು. ನಲ್ಲಿಯ ನೀರು, ಕಟ್ಟಡದ ತೆರಿಗೆ, ಹೋಟೆಲಿನ ಆರೋಗ್ಯ ಪರವಾನಗಿ, ಮಕ್ಕಳ ಪ್ರಾಥಮಿಕ ಶಾಲೆ, ಜನನ ಮರಣಗಳ ನೋಂದಣಿ ಎಲ್ಲವೂ ಅಲ್ಲಿಯೇ ನಿರ್ಣಯವಾಗುತ್ತವೆ. ಆದರೂ ಪಾಲಿಕೆಯ ಸಭೆ ಹೇಗೆ ನಡೆಯುತ್ತದೆ, ನಾವು ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಅರಿವು ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಸುಮಾರು ನಾಲ್ಕು ವರ್ಷಗಳ ಕಾಲ ಚುನಾಯಿತ ಸದಸ್ಯರಿಲ್ಲದೆ ಇದ್ದ ಪಾಲಿಕೆಗೆ 2026ರ ಜನವರಿ 15ರಂದು ಚುನಾವಣೆ ನಡೆದ ಹಿನ್ನೆಲೆಯಲ್ಲಿ, ಈ ಸಂಸ್ಥೆಯ ಸ್ವರೂಪವನ್ನು ಸಂಕ್ಷಿಪ್ತವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

1865ರ ಕಾಯಿದೆಯಿಂದ ಮುಂಬಯಿ ನಗರಾಡಳಿತವು ಒಬ್ಬ ಮುನಿಸಿಪಲ್ ಕಮಿಷನರರ ಕೈಗೆ ಬಂದಿತು. ಮೊದಲ ಕಮಿಷನರ್ ಆರ್ಥರ್ ಕ್ರಾಫರ್ಡ್. ಅವರು ಉತ್ಸಾಹಿ ಆಡಳಿತಗಾರರಾಗಿದ್ದರು. ಇಂದಿಗೂ ಜನರ ಬಾಯಲ್ಲಿ ಅವರ ಹೆಸರಿನಿಂದಲೇ ಉಳಿದಿರುವ ಮಾರುಕಟ್ಟೆ ಅವರ ಕಾಲದ್ದು. ಆದರೆ ಖರ್ಚಿನ ಮೇಲೆ ಹಿಡಿತವಿರಲಿಲ್ಲ. ತೆರಿಗೆದಾರರು ಸಿಡಿದೆದ್ದ ಪರಿಣಾಮವಾಗಿ 1871ರಲ್ಲಿ ಅವರು ಹುದ್ದೆಯನ್ನು ತೊರೆಯಬೇಕಾಯಿತು. ಮುಂಬಯಿಯ ಚುನಾಯಿತ ಪಾಲಿಕೆ ಹುಟ್ಟಿದ್ದು ಈ ಹಣಕಾಸಿನ ಜಗಳದಿಂದಲೇ ಎಂಬುದು ಇಲ್ಲಿ ಗಮನಾರ್ಹ.

1872ರ ಕಾಯಿದೆಯು 64 ಸದಸ್ಯರ ಸಭೆಯನ್ನು ರಚಿಸಿತು. ಅವರಲ್ಲಿ 32 ಮಂದಿಯನ್ನು ತೆರಿಗೆದಾರರು ಆರಿಸುತ್ತಿದ್ದರು. ಮೊದಲ ಸಭೆ 1873ರ ಸೆಪ್ಟೆಂಬರ್ 4ರಂದು ಜರುಗಿತು. ಸರ್ ಫಿರೋಜ್‌ಶಾ ಮೆಹತಾ ಅವರ ಪ್ರಭಾವದಿಂದ ರೂಪುಗೊಂಡ 1888ರ ಕಾಯಿದೆಯು ಅನೇಕ ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿದೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸಗೊಳಿಸಿದ ಪಾಲಿಕೆಯ ಮುಖ್ಯ ಕಟ್ಟಡ 1893ರಲ್ಲಿ ಪೂರ್ಣಗೊಂಡಿತು. ಸಭಾಧ್ಯಕ್ಷರಿಗೆ 'ಮೇಯರ್' ಎಂಬ ಹೆಸರು ಬಂದದ್ದು 1931ರಲ್ಲಿ. 1950 ಮತ್ತು 1957ರಲ್ಲಿ ಉಪನಗರಗಳು ಸೇರ್ಪಡೆಯಾಗಿ ನಗರದ ಎಲ್ಲೆ ದಹಿಸರ್ ಮತ್ತು ಮುಲುಂಡ್‌ವರೆಗೆ ಹಬ್ಬಿತು.

ಈ ಸಭೆಯಲ್ಲಿ ಕರಾವಳಿಯ ಕನ್ನಡಿಗರ ದನಿಯೂ ಕೇಳಿಬಂದಿದೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ಲೋಕಸಭೆಗೆ ಹೋಗುವ ಮುನ್ನ, 1961ರಲ್ಲಿ ಈ ಪಾಲಿಕೆಗೆ ಆಯ್ಕೆಯಾಗಿದ್ದರು.

ಅಧಿಕಾರದ ಹಂಚಿಕೆ

ಪಾಲಿಕೆಯಲ್ಲಿ 227 ಚುನಾಯಿತ ನಗರಸೇವಕರಿದ್ದಾರೆ. ಪ್ರತಿಯೊಂದು ಪ್ರಭಾಗದಿಂದ ಒಬ್ಬರು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಾಮನಿರ್ದೇಶಿತ ಸದಸ್ಯರು ಚರ್ಚೆಯಲ್ಲಿ ಭಾಗವಹಿಸಬಹುದೇ ಹೊರತು ಮತ ಹಾಕುವಂತಿಲ್ಲ. ಮಹಾಪೌರರನ್ನು ನಗರಸೇವಕರೇ ಎರಡೂವರೆ ವರ್ಷಗಳ ಅವಧಿಗೆ ಆರಿಸುತ್ತಾರೆ. ಅವರು ಸಭೆಯ ಅಧ್ಯಕ್ಷತೆ ವಹಿಸುವವರು ಮತ್ತು ನಗರದ ಪ್ರಥಮ ಪ್ರಜೆ, ಆಡಳಿತ ನಡೆಸುವವರಲ್ಲ. ಕಾರ್ಯಾಂಗದ ಅಧಿಕಾರವೆಲ್ಲ ರಾಜ್ಯ ಸರಕಾರ ನೇಮಿಸುವ ಆಯುಕ್ತರಲ್ಲಿದೆ. ಆಯುಕ್ತರು ಸಭೆಯಲ್ಲಿ ಮಾತನಾಡಬಹುದು, ಆದರೆ ಅವರಿಗೆ ಮತವಿಲ್ಲ.

ಹಣದ ಕೀಲಿಕೈ ಇರುವುದು 27 ಸದಸ್ಯರ ಸ್ಥಾಯೀ ಸಮಿತಿಯಲ್ಲಿ. ಆಯುಕ್ತರ ಆರ್ಥಿಕ ಮಿತಿಯನ್ನು ಮೀರಿದ ಗುತ್ತಿಗೆಗಳು ಈ ಸಮಿತಿಯ ಒಪ್ಪಿಗೆಯಿಲ್ಲದೆ ಮುಂದೆ ಸಾಗುವುದಿಲ್ಲ. ಆದುದರಿಂದಲೇ ಮಹಾಪೌರ ಹುದ್ದೆಗಿಂತಲೂ ಸ್ಥಾಯೀ ಸಮಿತಿಯ ಅಧ್ಯಕ್ಷತೆಗೆ ರಾಜಕೀಯ ಪಕ್ಷಗಳು ಹೆಚ್ಚು ಸೆಣಸುತ್ತವೆ. ಇದಲ್ಲದೆ ಸುಧಾರ ಸಮಿತಿ, ಶಿಕ್ಷಣ ಸಮಿತಿ ಮತ್ತು ಬೆಸ್ಟ್ ಸಮಿತಿಗಳು ಶಾಸನಬದ್ಧವಾದವು. ಬಸ್ಸು ಮತ್ತು ವಿದ್ಯುತ್ತಿನ ಬೆಸ್ಟ್ ಸಂಸ್ಥೆಯನ್ನು ಪಾಲಿಕೆಯು 1947ರ ಆಗಸ್ಟ್ 7ರಂದು ತನ್ನ ವಶಕ್ಕೆ ಪಡೆದಿತ್ತು. ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದ ಬಳಿಕ ಪ್ರಭಾಗ ಸಮಿತಿಗಳೂ ಸೇರಿಕೊಂಡವು. ಚರಂಡಿ, ಕಾಲುದಾರಿ, ಕಸ, ನೀರಿನ ಒತ್ತಡ ಮುಂತಾದ ನೆರೆಹೊರೆಯ ವಿಷಯಗಳಿಗೆ ಈ ಸಮಿತಿಗಳೇ ಮೊದಲ ವೇದಿಕೆ.

ಸಭೆಯ ಭಾಷೆ

ಪಾಲಿಕೆಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ. ಪತ್ರಿಕಾ ವರದಿಗಳಲ್ಲಿ ಪದೇ ಪದೇ ಕಾಣುವ ಕೆಲವು ಮಾತುಗಳ ಅರ್ಥ ತಿಳಿದಿದ್ದರೆ ನಡಾವಳಿಯನ್ನು ಹಿಂಬಾಲಿಸುವುದು ಸುಲಭ.

'ಅರ್ಥಸಂಕಲ್ಪ' ಎಂದರೆ ನಾವು ಆಯವ್ಯಯ ಅಥವಾ ಮುಂಗಡಪತ್ರ ಎನ್ನುವುದು. ನಗರಸೇವಕರೊಬ್ಬರು ಸಭೆಯ ಮುಂದಿಡುವ ಬೇಡಿಕೆ 'ಠರಾವಾಚೀ ಸೂಚನಾ'. ಸಭೆ ಅದನ್ನು ಒಪ್ಪಿದರೂ ಕೆಲಸ ಆದಂತಲ್ಲ. ಅದು ಆಯುಕ್ತರ 'ಅಭಿಪ್ರಾಯ'ಕ್ಕೆ ಹೋಗುತ್ತದೆ. 'ಉಪಸೂಚನಾ' ಎಂಬುದು ತಿದ್ದುಪಡಿ. 'ಹರಕತೀಚಾ ಮುದ್ದಾ' ಎಂಬುದು ಕ್ರಮಲೋಪದ ಪ್ರಶ್ನೆ. ಇದರ ನೆಪದಲ್ಲಿ ಸದಸ್ಯರು ತಮ್ಮ ವಾರ್ಡಿನ ತುರ್ತು ದೂರುಗಳನ್ನೂ ಎತ್ತುವುದುಂಟು. 'ಸಭಾ ತಹಕೂಬ' ಎಂದರೆ ಸಭೆಯನ್ನು ಮುಂದೂಡುವುದು.

ಇವೆಲ್ಲಕ್ಕಿಂತ ಮುಖ್ಯವಾದುದು 'ದಫ್ತರೀ ದಾಖಲ್'. ಕೇಳಲು ನಿರಪಾಯಕಾರಿಯಾದ ಈ ಮಾತಿನ ಅರ್ಥ, ಪ್ರಸ್ತಾವವನ್ನು ಕಡತಕ್ಕೆ ಸೇರಿಸಿ ಅಲ್ಲಿಗೇ ಮುಗಿಸುವುದು. ಅಂದರೆ ತಿರಸ್ಕಾರ. 'ರಾಖೂನ್ ಠೇವಲಾ' ಎಂದರೆ ಮಾತ್ರ ಪ್ರಸ್ತಾವವನ್ನು ಕಾದಿರಿಸಲಾಗಿದೆ, ಮುಂದಿನ ಸಭೆಯಲ್ಲಿ ಮತ್ತೆ ಬರಬಹುದು. ತಮ್ಮ ಬಡಾವಣೆಯ ಬೇಡಿಕೆಗೆ ಏನಾಯಿತು ಎಂದು ವಿಚಾರಿಸುವವರು ಈ ಎರಡರ ವ್ಯತ್ಯಾಸವನ್ನು ಅರಿತಿರಬೇಕು.

ಆಯವ್ಯಯದ ದಾರಿ

ಪ್ರತಿವರ್ಷ ಫೆಬ್ರವರಿ 5ರ ಒಳಗೆ ಆಯುಕ್ತರು ಮುಂದಿನ ವರ್ಷದ ಅಂದಾಜನ್ನು ಸ್ಥಾಯೀ ಸಮಿತಿಯ ಮುಂದೆ ಮಂಡಿಸಬೇಕು. ಶಿಕ್ಷಣ ವಿಭಾಗದ ಅಂದಾಜು ಶಿಕ್ಷಣ ಸಮಿತಿಯ ಮುಂದೆ ಪ್ರತ್ಯೇಕವಾಗಿ ಬರುತ್ತದೆ. ಸಮಿತಿಯಲ್ಲಿ ಚರ್ಚೆ ಮತ್ತು ಬದಲಾವಣೆಗಳಾದ ಬಳಿಕ ಅದು ಮಹಾಸಭೆಗೆ ಹೋಗಿ, ಆರ್ಥಿಕ ವರ್ಷ ಆರಂಭವಾಗುವ ಮುನ್ನ ಮಂಜೂರಾಗಬೇಕು. ಆಯವ್ಯಯವು ಒಂದೇ ಪುಸ್ತಕವಲ್ಲ. 'ಎ' ಸಾಮಾನ್ಯ ಆಡಳಿತ, 'ಬಿ' ಸುಧಾರಣಾ ಯೋಜನೆಗಳು, 'ಸಿ' ಬೆಸ್ಟ್, 'ಇ' ಶಿಕ್ಷಣ, 'ಜಿ' ನೀರು ಮತ್ತು ಮಲನೀರು ವಿಭಾಗ ಎಂದು ಬೇರೆ ಬೇರೆ ಭಾಗಗಳಿವೆ. ಶಾಲೆಯ ಬಗ್ಗೆ ತಿಳಿಯಬೇಕಾದವರು 'ಇ' ಭಾಗವನ್ನೂ, ನೀರಿನ ದರದ ಬಗ್ಗೆ ತಿಳಿಯಬೇಕಾದವರು 'ಜಿ' ಭಾಗವನ್ನೂ ನೋಡಬೇಕು.

2025-26ರ ಆಯವ್ಯಯದ ಗಾತ್ರ 74,427 ಕೋಟಿ ರೂಪಾಯಿ. ದೇಶದ ಯಾವ ನಗರಪಾಲಿಕೆಯೂ ಈ ಪ್ರಮಾಣವನ್ನು ಮುಟ್ಟಿರಲಿಲ್ಲ. ಇದರಲ್ಲಿ ಸುಮಾರು ಶೇ. 58 ಭಾಗ ಬಂಡವಾಳ ವೆಚ್ಚಕ್ಕೆ, ಅಂದರೆ ಗೋರೆಗಾಂವ್-ಮುಲುಂಡ್ ಸಂಪರ್ಕ ರಸ್ತೆ, ಮಲನೀರು ಶುದ್ಧೀಕರಣ ಘಟಕಗಳು, ರಸ್ತೆಗಳ ಕಾಂಕ್ರೀಟೀಕರಣ ಮುಂತಾದ ಕಾಮಗಾರಿಗಳಿಗೆ ಮೀಸಲಾಯಿತು. ಉಳಿದ ಭಾಗ ಸಂಬಳ, ಪಿಂಚಣಿ, ಆಸ್ಪತ್ರೆ, ಶಾಲೆ ಮತ್ತು ದೈನಂದಿನ ನಿರ್ವಹಣೆಗೆ.

ಆದಾಯದ ಮೂಲಗಳು

ಹಿಂದೆ ಪಾಲಿಕೆಯ ಬೊಕ್ಕಸ ತುಂಬುತ್ತಿದ್ದುದು ಆಕ್ಟ್ರಾಯ್‌ನಿಂದ. ದಹಿಸರ್, ಮುಲುಂಡ್, ಐರೋಲಿ, ಮಾನ್‌ಖುರ್ದ್ ನಾಕೆಗಳಲ್ಲಿ ಲಾರಿಗಳ ಸಾಲು ನಿಲ್ಲುತ್ತಿದ್ದುದನ್ನು ಊರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನಮ್ಮವರೆಲ್ಲ ಕಂಡಿದ್ದಾರೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದು ಆಕ್ಟ್ರಾಯ್ ರದ್ದಾಯಿತು. ಅದರ ಬದಲಿಗೆ ರಾಜ್ಯ ಸರಕಾರವು ಕಾಯಿದೆಯ ಮೂಲಕ ಪರಿಹಾರಧನ ನೀಡುತ್ತಿದ್ದು, 2016-17ರ ಆದಾಯವನ್ನು ಆಧಾರವಾಗಿಟ್ಟು ಪ್ರತಿವರ್ಷ ಶೇ. 8ರಂತೆ ಏರಿಸುವ ವ್ಯವಸ್ಥೆ ಮಾಡಲಾಯಿತು. ಮೊದಲ ತಿಂಗಳ ಕಂತು ಸುಮಾರು 647 ಕೋಟಿ ರೂಪಾಯಿ.

2025-26ರ ಅಂದಾಜಿನಲ್ಲಿ ರಾಜಸ್ವ ಆದಾಯ ಸುಮಾರು 43,000 ಕೋಟಿ. ಅದರಲ್ಲಿ ಪರಿಹಾರಧನವೇ ಸುಮಾರು 14,400 ಕೋಟಿ. ಕಟ್ಟಡ ಪರವಾನಗಿ ಮತ್ತು ಹೆಚ್ಚುವರಿ ನಿರ್ಮಾಣ ಹಕ್ಕಿನ ಪ್ರೀಮಿಯಂ ಮುಂತಾದವು 9,700 ಕೋಟಿ. ಆಸ್ತಿ ತೆರಿಗೆ 5,200 ಕೋಟಿ. ಇದರ ಅರ್ಥ ಸ್ಪಷ್ಟ. ಮೂರನೆಯ ಒಂದು ಭಾಗ ರಾಜ್ಯದ ಚೆಕ್ಕಿನ ಮೇಲೆ ನಿಂತಿದೆ. ಇನ್ನೊಂದು ದೊಡ್ಡ ಭಾಗ ಕಟ್ಟಡ ನಿರ್ಮಾಣದ ಏರಿಳಿತಕ್ಕೆ ಕಟ್ಟಿಕೊಂಡಿದೆ. ಆಕ್ಟ್ರಾಯ್ ಪಾಲಿಕೆಯ ಸ್ವಂತ ದುಡಿಮೆಯಾಗಿತ್ತು; ಪರಿಹಾರಧನ ಹಾಗಲ್ಲ.

ಪಾಲಿಕೆಯ ನಿಶ್ಚಿತ ಠೇವಣಿಗಳ ಬಗ್ಗೆಯೂ ಆಗಾಗ ಮಾತು ಬರುತ್ತದೆ. 2022ರಲ್ಲಿ 90,000 ಕೋಟಿ ದಾಟಿದ್ದ ಈ ಮೊತ್ತ 2025ರ ಆರಂಭದ ಹೊತ್ತಿಗೆ ಸುಮಾರು 82,000 ಕೋಟಿಗೆ ಇಳಿದಿತ್ತು. ಇದೆಲ್ಲವೂ ಉಳಿತಾಯವೆಂದು ಭಾವಿಸುವುದು ತಪ್ಪು. ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರ ಠೇವಣಿ ಮುಂತಾದ ಹಿಂತಿರುಗಿಸಬೇಕಾದ ಹಣವೂ ಇದರೊಳಗಿದೆ. ಉಳಿದ ಭಾಗವನ್ನು ಈಗಾಗಲೇ ಒಪ್ಪಿಕೊಂಡ ದೊಡ್ಡ ಕಾಮಗಾರಿಗಳಿಗೆ ತೊಡಗಿಸಬೇಕಾಗಿದೆ.

ತೆರಿಗೆ ಬಿಲ್ಲನ್ನು ಓದುವ ಬಗೆ

ಆಸ್ತಿ ತೆರಿಗೆಯನ್ನು ಎಪ್ರಿಲ್-ಸೆಪ್ಟೆಂಬರ್ ಮತ್ತು ಅಕ್ಟೋಬರ್-ಮಾರ್ಚ್ ಎಂದು ಎರಡು ಅರ್ಧವರ್ಷಗಳಿಗೆ ಲೆಕ್ಕ ಹಾಕಲಾಗುತ್ತದೆ. ಬಿಲ್ಲಿನಲ್ಲಿ ಸಾಮಾನ್ಯ ತೆರಿಗೆಯೊಡನೆ ನೀರು, ಮಲನೀರು, ಪಾಲಿಕೆಯ ಶಿಕ್ಷಣ ಕರ, ರಸ್ತೆ ತೆರಿಗೆ ಮತ್ತು ವೃಕ್ಷ ಕರ ಸೇರಿರುತ್ತವೆ. ರಾಜ್ಯ ಶಿಕ್ಷಣ ಕರ ಹಾಗೂ ವಸತಿಯೇತರ ಜಾಗಗಳ ಮೇಲಿನ ಉದ್ಯೋಗ ಖಾತರಿ ಕರಗಳನ್ನು ಪಾಲಿಕೆಯು ರಾಜ್ಯದ ಪರವಾಗಿ ವಸೂಲು ಮಾಡಿ ಸಂದಾಯ ಮಾಡುತ್ತದೆ. ಆದುದರಿಂದ ಬಿಲ್ಲಿನ ಒಟ್ಟು ಮೊತ್ತವೆಲ್ಲ ಪಾಲಿಕೆಗೆ ಸೇರುವುದಿಲ್ಲ.

2010ರ ಎಪ್ರಿಲ್ 1ರಿಂದ ಅನ್ವಯವಾಗುವಂತೆ ಬಾಡಿಗೆ ಮೌಲ್ಯದ ಬದಲು ಬಂಡವಾಳ ಮೌಲ್ಯವನ್ನು ಆಧಾರವಾಗಿ ಸ್ವೀಕರಿಸಲಾಯಿತು. ಇದರ ಕೆಲವು ನಿಯಮಗಳನ್ನು ಮುಂಬಯಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. 500 ಚದರ ಅಡಿವರೆಗಿನ ವಾಸದ ಮನೆಗಳಿಗೆ 2022ರ ಜನವರಿಯಿಂದ ಪೂರ್ಣ ವಿನಾಯಿತಿ ದೊರೆತಿದೆ. ಚಾಳುಗಳಲ್ಲಿ ಮತ್ತು ಸಣ್ಣ ಫ್ಲ್ಯಾಟುಗಳಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ಇದರಿಂದ ನೆಮ್ಮದಿಯಾಗಿದೆ. ಪಾಲಿಕೆಯ ಸ್ವಂತ ಆದಾಯ ಅಷ್ಟರಮಟ್ಟಿಗೆ ಕುಗ್ಗಿರುವುದೂ ನಿಜ.

ಕನ್ನಡಿಗರಿಗೆ ಸಂಬಂಧಿಸಿದ ಎರಡು ಬಾಬತ್ತು

ಮೊದಲನೆಯದು ಶಾಲೆ. ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು ಮತ್ತು ಕನ್ನಡ ಎಂದು ಎಂಟು ಮಾಧ್ಯಮಗಳಲ್ಲಿ ಶಿಕ್ಷಣ ನೀಡುತ್ತ ಬಂದಿದೆ. ಬೇರೆ ರಾಜ್ಯದ ನಗರಸಭೆಯೊಂದು ತನ್ನ ತೆರಿಗೆ ಹಣದಿಂದ ಕನ್ನಡ ಶಾಲೆಗಳನ್ನು ನಡೆಸಿರುವುದು ನಾವು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ. ಆದರೆ ಮಕ್ಕಳ ಸಂಖ್ಯೆ ಕುಸಿಯುತ್ತಿರುವಾಗ ವರ್ಗಗಳನ್ನು ಒಗ್ಗೂಡಿಸುವ, ಶಿಕ್ಷಕರ ಹುದ್ದೆಗಳನ್ನು ತುಂಬದೆ ಬಿಡುವ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಎತ್ತಬೇಕಾದ ಸ್ಥಳ ಶಿಕ್ಷಣ ಸಮಿತಿ. ಎತ್ತಬೇಕಾದ ಸಮಯ ಫೆಬ್ರವರಿ-ಮಾರ್ಚಿನ ಆಯವ್ಯಯ ಚರ್ಚೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಮೇಲೆ ಮನವಿ ಒಯ್ದರೆ ತಡವಾಗಿರುತ್ತದೆ.

ಎರಡನೆಯದು ಹೋಟೆಲು. ತಿಂಡಿ-ಊಟದ ಉದ್ಯಮಕ್ಕೆ ಬೇಕಾದ ಆರೋಗ್ಯ ಪರವಾನಗಿ 1888ರ ಕಾಯಿದೆಯ 394ನೆಯ ಕಲಮಿನಡಿ ಬರುತ್ತದೆ. ಶುಲ್ಕ ಮತ್ತು ಷರತ್ತುಗಳಲ್ಲಿ ಆಗುವ ಒಂದು ಬದಲಾವಣೆ ಸಾವಿರಾರು ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯನ್ನು ಮುಟ್ಟುತ್ತದೆ.

ಸಭೆ ಇಲ್ಲದ ನಾಲ್ಕು ವರ್ಷ

2022ರ ಮಾರ್ಚ್ 7ಕ್ಕೆ ಹಿಂದಿನ ಸಭೆಯ ಅವಧಿ ಮುಗಿಯಿತು. ಇತರ ಹಿಂದುಳಿದ ವರ್ಗಗಳ ಮೀಸಲಾತಿ ಮತ್ತು ಪ್ರಭಾಗಗಳ ಸಂಖ್ಯೆಯ ವಿವಾದದಿಂದ ಚುನಾವಣೆ ಮುಂದಕ್ಕೆ ಹೋಯಿತು. 1984-85ರ ಬಳಿಕ ಮೊದಲ ಬಾರಿಗೆ ಪ್ರಶಾಸಕರ ಆಡಳಿತ ಬಂದಿತು. 2025ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಆದೇಶ ನೀಡಿದ ಬಳಿಕವೇ ದಾರಿ ತೆರೆಯಿತು.

ಈ ಅವಧಿಯಲ್ಲಿ ಆಯುಕ್ತರೇ ಪ್ರಶಾಸಕರು. 2023, 2024 ಮತ್ತು 2025ರ ಆಯವ್ಯಯಗಳನ್ನು ಸಿದ್ಧಪಡಿಸಿದವರೂ ಮಂಜೂರು ಮಾಡಿದವರೂ ಅದೇ ಆಡಳಿತ. ಕೆಲಸಗಳು ನಿಲ್ಲಲಿಲ್ಲ, ನಿಜ. ಸಾಗರತೀರದ ರಸ್ತೆ 2024ರಲ್ಲಿ ಹಂತಹಂತವಾಗಿ ಸಂಚಾರಕ್ಕೆ ತೆರೆಯಿತು. ಆದರೆ ಪ್ರಶ್ನೆ ಕೇಳುವ ಸಮಿತಿ ಇರಲಿಲ್ಲ. ಪ್ರಸ್ತಾವವೊಂದು ಏಕೆ ಒಪ್ಪಿಗೆಯಾಯಿತು, ಇನ್ನೊಂದು ಏಕೆ ಕೈಬಿಟ್ಟುಹೋಯಿತು ಎಂಬುದಕ್ಕೆ ಬಹಿರಂಗ ಚರ್ಚೆಯ ದಾಖಲೆಯೂ ಇಲ್ಲ. ಕ್ರಾಫರ್ಡ್ ಕಾಲದ ತೆರಿಗೆದಾರರು 150 ವರ್ಷಗಳ ಹಿಂದೆ ಜಗಳವಾಡಿದ್ದು ಈ ಅಧಿಕಾರಕ್ಕಾಗಿಯೇ.

ಈಗ ಚುನಾಯಿತ ಸದಸ್ಯರು ಮರಳಿ ಬಂದಿದ್ದಾರೆ. ಕನ್ನಡ ಸಂಘ ಸಂಸ್ಥೆಗಳು ತಮ್ಮ ವಾರ್ಷಿಕೋತ್ಸವಗಳಿಗೆ ನಗರಸೇವಕರನ್ನು ಅತಿಥಿಗಳಾಗಿ ಕರೆದು ಶಾಲು ಹೊದೆಸುವುದು ವಾಡಿಕೆ. ಅದು ಮುಂದುವರಿಯಲಿ. ಜೊತೆಗೆ ಜನವರಿ ತಿಂಗಳಲ್ಲಿಯೇ ಅವರ ಕಚೇರಿಗೆ ಹೋಗಿ, ತಮ್ಮ ಪ್ರಭಾಗದ ಶಾಲೆ, ನೀರು, ಕಾಲುದಾರಿಗಳಿಗೆ ಮುಂಬರುವ ಆಯವ್ಯಯದಲ್ಲಿ ಎಷ್ಟು ಹಣ ಕೇಳಿದ್ದೀರಿ ಎಂದು ಲಿಖಿತವಾಗಿ ವಿಚಾರಿಸುವ ರೂಢಿಯನ್ನೂ ನಮ್ಮ ಸಂಘಗಳು ಬೆಳೆಸಿಕೊಂಡರೆ, ಈ ನಗರದ ತೆರಿಗೆದಾರರಾಗಿ ನಮ್ಮ ಕರ್ತವ್ಯವನ್ನು ಸಲ್ಲಿಸಿದಂತಾಗುತ್ತದೆ.